ಬಾಯಾರಿದ ಬ್ರೆಡ್ಡು

ಜ್ವರ ಬಿಟ್ಟ ಮೇಲೆ ಉಳಿಯುವ ಅರ್ಧ ಪೌಂಡಿನಿಂದ ಹಿಡಿದು ಬೀದರದ ಮದುವೆ ಮನೆಯ ಡಬಲ್ ಕಾ ಮೀಠಾದವರೆಗೆ, ಒಣಗಿದ ಬ್ರೆಡ್ಡಿನ ಸುತ್ತ ಒಂದು ಅಡುಗೆಮನೆ ಸುತ್ತಾಟ

ನಮ್ಮ ಮನೆಗೆ ಬ್ರೆಡ್ಡು ಬರುತ್ತಿದ್ದದ್ದು ಜ್ವರದ ಜೊತೆಯಲ್ಲಿ. ಯಾರಿಗಾದರೂ ಮೈ ಬಿಸಿಯಾಗಿ, ಡಾಕ್ಟರು ‘ಎರಡು ದಿನ ಅನ್ನ ಬೇಡ, ಹಾಲು ಬ್ರೆಡ್ಡು ಕೊಡಿ’ ಅಂದರೆ ಸಾಕು, ಸಂಜೆ ಅಪ್ಪನ ಸೈಕಲ್ಲಿನ ಹ್ಯಾಂಡಲಿಗೆ ಸಿಕ್ಕಿಸಿದ ಚೀಲದಲ್ಲಿ ಒಂದು ಪೌಂಡು ಬ್ರೆಡ್ಡು ಮನೆಗೆ ಬರುತ್ತಿತ್ತು. ಆಸ್ಪತ್ರೆಗೆ ನೋಡಲು ಹೋಗುವವರ ಕೈಯಲ್ಲೂ ಅದೇ: ಒಂದು ಬ್ರೆಡ್ಡು, ನಾಲ್ಕು ಮೂಸಂಬಿ. ಬ್ರೆಡ್ಡಿನ ವಾಸನೆಗೂ ಮಾತ್ರೆಯ ಕಹಿಗೂ ನನ್ನ ತಲೆಯಲ್ಲಿ ಇವತ್ತಿಗೂ ನಂಟು ಬಿಟ್ಟಿಲ್ಲ.

ತಾಪತ್ರಯ ಶುರುವಾಗುತ್ತಿದ್ದದ್ದು ಜ್ವರ ಬಿಟ್ಟ ಮೇಲೆ. ಹಾಸಿಗೆಯಿಂದ ಎದ್ದವನಿಗೆ ಮೊದಲು ಬೇಕಾಗುವುದು ಬಿಸಿ ಅನ್ನ, ತಿಳಿಸಾರು, ಹಪ್ಪಳ. ಬ್ರೆಡ್ಡಿನ ಮುಖ ನೋಡಿದರೆ ವಾಕರಿಕೆ. ಉಳಿದ ಅರ್ಧ ಪೌಂಡು ಅಡುಗೆಮನೆಯ ಗೂಡಿನಲ್ಲಿ ಕುಳಿತು ದಿನದಿಂದ ದಿನಕ್ಕೆ ಬಿಗಿಯುತ್ತಿತ್ತು. ಅದರಲ್ಲೂ ಮೊದಲ ಮತ್ತು ಕೊನೆಯ ಎರಡು ಅಂಚಿನ ತುಂಡುಗಳನ್ನು ಕೇಳುವವರೇ ಇಲ್ಲ. ಅಜ್ಜಿಯಂತೂ ಮುಟ್ಟುತ್ತಿರಲಿಲ್ಲ. ‘ಯಾರು ಕಲಸಿದರೋ, ಏನು ಹಾಕಿ ಹುಳಿ ಬರಿಸಿದರೋ’ ಎಂಬುದು ಅವರ ಅನುಮಾನ. ಅದು ಪೂರ್ತಿ ಬುಡವಿಲ್ಲದ ಅನುಮಾನವೇನೂ ಆಗಿರಲಿಲ್ಲ ಎಂದು ಆಮೇಲೆ ತಿಳಿಯಿತು. ಪೋರ್ಚುಗೀಸರು ಗೋವೆಯಲ್ಲಿ ರೂಢಿಗೆ ತಂದ ಪಾವ್ ಉಬ್ಬುತ್ತಿದ್ದದ್ದು ತೆಂಗಿನ ಶೇಂದಿಯಿಂದ.

ನಾಲ್ಕನೆಯ ದಿನ ಬೆಳಿಗ್ಗೆ ಅಮ್ಮ ಆ ಬಿಗಿದ ಬ್ರೆಡ್ಡನ್ನೆಲ್ಲ ಚೌಕವಾಗಿ ಮುರಿದು, ಸಾಸಿವೆ ಸಿಡಿಸಿ, ಈರುಳ್ಳಿ ಬಾಡಿಸಿ, ಒಂದು ಸೌಟು ಹುಳಿ ಮಜ್ಜಿಗೆ ಚಿಮುಕಿಸಿ ಬಾಣಲೆಯಲ್ಲಿ ತಿರುವುತ್ತಿದ್ದಳು. ಇಂಗಿನ ಘಮ ನಡುಮನೆಗೆ ಬರುವ ಹೊತ್ತಿಗೆ ‘ಬ್ರೆಡ್ಡು ಬೇಡ’ ಎಂದವರೆಲ್ಲ ತಟ್ಟೆ ಹಿಡಿದು ನಿಂತಿರುತ್ತಿದ್ದರು. ಒಬ್ಬನ ಜ್ವರಕ್ಕೆ ತಂದ ಬ್ರೆಡ್ಡು ಕಡೆಗೆ ಮನೆಮಂದಿಯ ತಿಂಡಿಯಾಗಿ ಮುಗಿಯುತ್ತಿತ್ತು.

ಈಗ ಬ್ರೆಡ್ಡಿಗೆ ಜ್ವರದ ನೆಪ ಬೇಕಿಲ್ಲ. ಹಾಲಿನ ಜೊತೆ ಅದೂ ದಿನಸಿ ಪಟ್ಟಿಗೆ ಸೇರಿದೆ. ಬಳಕೆ ಹೆಚ್ಚಿದಷ್ಟು ಉಳಿಕೆಯೂ ಹೆಚ್ಚಿದೆ. ಆದರೆ ಉಳಿದದ್ದನ್ನು ಬಾಣಲೆಗೆ ಹಾಕುವ ಕೈ ಕಡಿಮೆಯಾಗಿ, ಕಸದ ಬುಟ್ಟಿಗೆ ಹಾಕುವ ಕೈ ಹೆಚ್ಚಾಗಿದೆ. ಒಣಗಿದ ಬ್ರೆಡ್ಡು ಕೆಟ್ಟ ಬ್ರೆಡ್ಡು ಎಂದು ನಾವು ನಂಬಿಬಿಟ್ಟಿದ್ದೇವೆ. ಲೋಕದ ಅರ್ಧದಷ್ಟು ಒಳ್ಳೆಯ ಬ್ರೆಡ್ ಅಡುಗೆಗಳು ಹುಟ್ಟಿದ್ದೇ ಒಣಗಿದ ಬ್ರೆಡ್ಡಿನಿಂದ ಎಂಬುದನ್ನು ಹೇಳಿದರೆ ನಂಬುವವರು ಕಡಿಮೆ.

ತಂಗಳು ಬೇರೆ, ಹಳಸಿದ್ದು ಬೇರೆ

ಕನ್ನಡದ ಅಡುಗೆಮನೆಗೆ ಈ ವಿಷಯದಲ್ಲಿ ಒಳ್ಳೆಯ ವಿವೇಕವಿದೆ. ನಿನ್ನೆಯದು ‘ತಂಗಳು’. ಹುಳಿತು ವಾಸನೆ ಬಂದದ್ದು ‘ಹಳಸಿದ್ದು’. ಹಸಿರೋ ಬಿಳಿಯೋ ನವಿರು ಎದ್ದದ್ದು ‘ಬೂಷ್ಟು ಹಿಡಿದದ್ದು’. ನೀರಾರಿ ಗಟ್ಟಿಯಾದದ್ದು ‘ಒಣಗಿದ್ದು’. ನಾಲ್ಕಕ್ಕೂ ನಾಲ್ಕು ಬೇರೆ ತೀರ್ಪು. ತಂಗಳು ರೊಟ್ಟಿ, ತಂಗಳನ್ನ ಬೆಳಗಿನ ಊಟ. ಒಣಗಿದ್ದನ್ನಂತೂ ನಾವು ಬೇಕೆಂದೇ ಮಾಡುತ್ತೇವೆ. ವಿಜಯಪುರ, ಬಾಗಲಕೋಟೆ ಕಡೆಯ ಕಡಕ್ ರೊಟ್ಟಿಯನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ತಿನ್ನುವವರು ನಾವು. ಜೋಳದ ರೊಟ್ಟಿಗೆ ಕೊಟ್ಟ ಆ ಮರ್ಯಾದೆಯನ್ನು ಬ್ರೆಡ್ಡಿಗೆ ಯಾಕೆ ಕೊಡಲಿಲ್ಲವೋ.

ಬ್ರೆಡ್ಡು ಗಟ್ಟಿಯಾಗುವುದಕ್ಕೆ ಗಾಳಿಗೆ ನೀರು ಆರುವುದೊಂದೇ ಕಾರಣವಲ್ಲ. 1852ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಜಾನ್ ಬ್ಯಾಪ್ಟಿಸ್ಟ್ ಬೂಸಿಂಗೋ ಇದನ್ನು ಪರೀಕ್ಷಿಸಿದರು. ದಿನಗಟ್ಟಲೆ ಇಟ್ಟು ಬಿಗಿದ ಬ್ರೆಡ್ಡನ್ನು ಮತ್ತೆ ಬಿಸಿ ಮಾಡಿದರೆ ಅದರ ನೀರು ಇನ್ನಷ್ಟು ಹೋಗುತ್ತದೆ, ಆದರೂ ಬ್ರೆಡ್ಡು ಮೆತ್ತಗಾಗುತ್ತದೆ. ಹಾಗಾದರೆ ಬಿಗಿಯುವುದಕ್ಕೆ ಬೇರೆ ಏನೋ ಕಾರಣ ಇರಬೇಕು ಎಂದು ಅವರಿಗೆ ಹೊಳೆಯಿತು.

ಆ ಕಾರಣ ಹಿಟ್ಟಿನ ಪಿಷ್ಟದಲ್ಲಿದೆ. ಒಲೆಯಲ್ಲಿ ಬೇಯುವಾಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಸಡಿಲವಾಗುತ್ತವೆ. ಆರುತ್ತಾ ಹೋದಂತೆ ಅವು ಮತ್ತೆ ಒತ್ತೊತ್ತಾಗಿ ಸಾಲುಗೂಡಿ ಗಟ್ಟಿ ಹರಳುಗಳಾಗುತ್ತವೆ. ಫ್ರಿಜ್ಜಿನಲ್ಲಿಟ್ಟ ಅನ್ನ ಬೆಳಿಗ್ಗೆ ಕಾಳುಕಾಳಾಗಿ ಬಿರುಸಾಗುವುದೂ, ಹಬೆಯಲ್ಲಿಟ್ಟರೆ ಮತ್ತೆ ಮೃದುವಾಗುವುದೂ ಇದೇ ಲೀಲೆ. ಪಿಷ್ಟದ ಈ ಮರುಬಿಗಿತ ಫ್ರಿಜ್ಜಿನ ತಣ್ಣನೆಯಲ್ಲಿ ಕೋಣೆಯ ಬಿಸಿಗಿಂತ ಬೇಗ ನಡೆಯುತ್ತದೆ. ಬ್ರೆಡ್ಡು ತಾಜಾ ಇರಲೆಂದು ಫ್ರಿಜ್ಜಿಗೆ ಇಡುವವರು ಬೂಷ್ಟಿನಿಂದ ಅದನ್ನು ಕಾಪಾಡುತ್ತಾರೆ ನಿಜ, ಆದರೆ ಮೆತ್ತಗಿನ ಗುಣವನ್ನು ತಾವೇ ಬೇಗ ಕಳೆಯುತ್ತಾರೆ. ಎರಡು ದಿನದೊಳಗೆ ತಿನ್ನುವುದಾದರೆ ಹೊರಗೆ ಡಬ್ಬಿಯಲ್ಲಿಡಿ. ಹೆಚ್ಚು ದಿನ ಇಡುವುದಾದರೆ ಗಾಳಿಯಾಡದಂತೆ ಸುತ್ತಿ ಮೇಲಿನ ಫ್ರೀಜರಿನಲ್ಲಿಡಿ. ಅಲ್ಲಿ ಈ ಬಿಗಿತ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ.

ಬಿಗಿದದ್ದನ್ನು ಸಡಿಲಿಸುವುದು ಸುಲಭ. ಕೈ ಒದ್ದೆ ಮಾಡಿಕೊಂಡು ಬ್ರೆಡ್ಡಿನ ಮೇಲೆ ಸವರಿ, ಕಾದ ತವಾದ ಮೇಲಿಟ್ಟು, ತಟ್ಟೆ ಮುಚ್ಚಿ ಒಂದು ನಿಮಿಷ ಬಿಟ್ಟರೆ ಸಾಕು. ಒಳಗೆ ಸುಮಾರು 60–70 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಹರಳುಗಳು ಕರಗಿ ಬ್ರೆಡ್ಡು ಮತ್ತೆ ಮೆತ್ತಗಾಗುತ್ತದೆ. ಬಿಸಿಯಲ್ಲೇ ತಿಂದುಬಿಡಬೇಕು. ಆರಿದರೆ ಮೊದಲಿಗಿಂತ ಬಿರುಸಾಗುತ್ತದೆ.

ಇಷ್ಟೆಲ್ಲ ಮಾಡದೆ ಹಾಗೇ ಬಿಟ್ಟ ಬ್ರೆಡ್ಡು ಗಾಳಿಗೆ ಪೂರ್ತಿ ಒಣಗುತ್ತದೆ. ಆಗ ಅದರೊಳಗೆ ಉಳಿಯುವುದು ಸಾವಿರ ಸಣ್ಣ ಗೂಡುಗಳ ಜಾಲ. ಹೊಸ ಬ್ರೆಡ್ಡಿನ ಮೇಲೆ ಹಾಲು ಸುರಿದರೆ ಅದು ಕುಸಿದು ಮುದ್ದೆಯಾಗುತ್ತದೆ. ಒಣಗಿದ್ದರ ಮೇಲೆ ಸುರಿದರೆ ಹಾಲನ್ನೆಲ್ಲ ಕುಡಿದೂ ತನ್ನ ಆಕಾರದಲ್ಲೇ ನಿಲ್ಲುತ್ತದೆ. ಹಾಲಿರಲಿ, ಸಾರಿರಲಿ, ಸಕ್ಕರೆ ಪಾಕವಿರಲಿ, ಕೊಟ್ಟದ್ದನ್ನೆಲ್ಲ ಎಳೆದುಕೊಳ್ಳುವ ಈ ಬಾಯಾರಿಕೆಯೇ ಒಣ ಬ್ರೆಡ್ಡಿನ ಬಂಡವಾಳ.

ಬೇಕರಿಯವರ ಎರಡನೆಯ ಪಾಕ

ಈ ಬಂಡವಾಳ ಎಲ್ಲರಿಗಿಂತ ಮೊದಲು ಗೊತ್ತಿದ್ದದ್ದು ಬೇಕರಿಯವರಿಗೆ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಕಥೆ ಹಾಸನ ಸೀಮೆಯ ಎಚ್.ಎಸ್. ತಿರುಮಲಾಚಾರ್ ಅವರಿಂದ ಶುರುವಾಗುತ್ತದೆ ಎನ್ನುತ್ತಾರೆ. ಸಿಹಿ ಅಂಗಡಿ ಇಟ್ಟುಕೊಂಡಿದ್ದ ಅವರು ಒಬ್ಬ ಇಂಗ್ಲಿಷರವನಿಂದ ಬ್ರೆಡ್ಡು ಮಾಡುವುದನ್ನು ಕಲಿತು 1898ರಲ್ಲಿ ಚಿಕ್ಕಪೇಟೆಯ ಕಡೆ ಬಿ.ಬಿ. ಬೇಕರಿ ತೆರೆದರು. ಬಿ.ಬಿ. ಎಂದರೆ ಬ್ಯಾಂಗಲೋರ್ ಬ್ರದರ್ಸ್. ಮುಂದೆ ಹಾಸನದ ಊರುಗಳಿಂದ ಒಬ್ಬರ ಬೆನ್ನಿಗೆ ಒಬ್ಬರು ಬಂದು ಊರೂರಲ್ಲಿ ಒಲೆ ಹಚ್ಚಿದರು. ಮೊಟ್ಟೆ ಹಾಕದ ಬ್ರೆಡ್ಡು, ಖಾರಾ ಬನ್ನು, ಬೆಣ್ಣೆ ಬಿಸ್ಕತ್ತು ಮಡಿ ಮನೆಗಳ ಹೊಸ್ತಿಲು ದಾಟಿದ್ದು ಇವರಿಂದ. ನಮ್ಮಜ್ಜಿಯ ವಾರಿಗೆಯವರ ಅನುಮಾನ ಕರಗಿದ್ದೂ ಆ ಗಾಜಿನ ಕಪಾಟುಗಳ ಎದುರಿಗೇ.

ಆ ಕಪಾಟಿನಲ್ಲಿ ಒಣ ಬ್ರೆಡ್ಡಿನ ಸಂತಾನವೂ ಇದೆ. ರಸ್ಕನ್ನೇ ನೋಡಿ. ಬೆಂದ ಬ್ರೆಡ್ಡನ್ನು ಹೋಳು ಮಾಡಿ ಮತ್ತೊಮ್ಮೆ ಒಲೆಗೆ ಹಾಕಿ ನೀರೆಲ್ಲ ಆರಿಸಿದರೆ ರಸ್ಕು. ಹುಬ್ಬಳ್ಳಿ, ಬೆಳಗಾವಿ, ಮುಂಬೈ ಕಡೆಯವರು ಇದನ್ನೇ ‘ಟೋಸ್ಟ್’ ಎನ್ನುತ್ತಾರೆ, ಖಾರಿಯ ಜೊತೆ ಚಹಾದಲ್ಲಿ ಅದ್ದುತ್ತಾರೆ. ಬಿಸ್ಕತ್ತು ಎಂಬ ಪದದ ಲ್ಯಾಟಿನ್ ಮೂಲಕ್ಕೂ ‘ಎರಡು ಸಲ ಬೇಯಿಸಿದ್ದು’ ಎಂದೇ ಅರ್ಥ. ಹಡಗುಗಳಲ್ಲಿ ತಿಂಗಳುಗಟ್ಟಲೆ ಕೆಡದೆ ಉಳಿಯಬೇಕಾದ ರೊಟ್ಟಿಗೆ ಎರಡನೆಯ ಬೇಯಿಸುವಿಕೆಯೇ ಕಾವಲು. ಈಗ ದೊಡ್ಡ ಕಂಪನಿಗಳು ರಸ್ಕಿಗೆಂದೇ ಬೇರೆ ಹಿಟ್ಟು ಕಲಸುತ್ತವೆ. ಉಪಾಯ ಮಾತ್ರ ಹಳೆಯದೇ.

ದಿಲ್‌ಪಸಂದಿನದು ಇನ್ನೂ ಸ್ವಾರಸ್ಯ. ತೆಂಗಿನತುರಿ, ಸಕ್ಕರೆ, ಟೂಟಿಫ್ರೂಟಿ ತುಂಬಿದ ಆ ಅಗಲ ತ್ರಿಕೋನದ ಹೂರಣಕ್ಕೆ ಉಳಿದ ಬನ್ನು, ಬ್ರೆಡ್ಡು, ಕೇಕಿನ ಪುಡಿಯೂ ಸೇರುತ್ತದೆ ಎಂಬ ಮಾತು ಬೇಕರಿ ಗಿರಾಕಿಗಳಲ್ಲಿ ಹಳೆಯದು. ಕೇಳಿದರೆ ಕೌಂಟರಿನ ಹಿಂದಿನವರು ನಕ್ಕು ಸುಮ್ಮನಾಗುತ್ತಾರೆ. ಸೇರಿಸಿದ್ದರೂ ತಪ್ಪೇನು? ತುಪ್ಪ-ಸಕ್ಕರೆಯ ತೇವವನ್ನು ಹಿಡಿದಿಟ್ಟುಕೊಂಡು ಹೂರಣ ಸೋರದಂತೆ ಮಾಡಲು ಒಣ ಪುಡಿಗಿಂತ ಒಳ್ಳೆಯ ಬಂಧಕ ಇಲ್ಲ.

ಮನೆಯ ಬ್ರೆಡ್ಡು ಬೇಗ ಒಣಗುವುದಕ್ಕೆ ಯಂತ್ರದ ಹೋಳೂ ಕಾರಣ. ಇಡೀ ಬ್ರೆಡ್ಡಿಗೆ ಸುತ್ತಲೂ ಕಂದು ಹೊರಪದರವೇ ಕವಚ. ಹೋಳು ಮಾಡಿದರೆ ಪ್ರತಿ ತುಂಡಿಗೂ ಎರಡು ಬರಿಯ ಮುಖ. 1965ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಮಾಡರ್ನ್ ಬೇಕರೀಸ್ ಕಂಪನಿಯ ಹೋಳು ಬ್ರೆಡ್ಡು ನಗರಗಳ ಮಧ್ಯಮ ವರ್ಗದ ಮನೆಗಳನ್ನು ಹೊಕ್ಕಿತು. ಆ ಕಂಪನಿ 2000ನೇ ಇಸವಿಯ ಜನವರಿಯಲ್ಲಿ ಹಿಂದೂಸ್ತಾನ್ ಲೀವರ್ ಪಾಲಾಯಿತು. ಹೋಳು ಮಾಡಿದ ಬ್ರೆಡ್ಡು ಮಾತ್ರ ಮನೆಯಲ್ಲೇ ಉಳಿಯಿತು. ಅದರ ಜೊತೆ ಪ್ರತಿ ಪ್ಯಾಕೆಟ್ಟಿನ ಆ ಎರಡು ಅನಾಥ ಅಂಚುಗಳೂ.

ಲೋಕದ ತಂಗಳು

ಒಣ ಬ್ರೆಡ್ಡಿನ ಪ್ರಶ್ನೆಗೆ ಬೇರೆ ಬೇರೆ ದೇಶದ ಬಡವರು ಹೆಚ್ಚುಕಡಿಮೆ ಒಂದೇ ಉತ್ತರ ಕಂಡುಕೊಂಡಿದ್ದಾರೆ. ಪ್ರಾಚೀನ ರೋಮಿನ ಅಪಿಷಿಯಸ್ ಹೆಸರಿನ ಅಡುಗೆ ಪುಸ್ತಕದಲ್ಲೇ ಬ್ರೆಡ್ಡಿನ ಹೊರಪದರ ತೆಗೆದು, ದಪ್ಪ ತುಂಡು ಮಾಡಿ, ಹಾಲಿನಲ್ಲಿ ನೆನೆಸಿ, ಎಣ್ಣೆಯಲ್ಲಿ ಕರಿದು, ಮೇಲೆ ಜೇನು ಸುರಿಯುವ ಸಿಹಿಯೊಂದಿದೆ. ಅದೇ ಮುಂದೆ ಮೊಟ್ಟೆಯಲ್ಲಿ ಅದ್ದಿ ಬೇಯಿಸುವ ಟೋಸ್ಟಾಗಿ ಊರೂರಿಗೆ ಹರಡಿತು. ಫ್ರೆಂಚರು ಅದನ್ನು ‘ಕಳೆದುಹೋದ ಬ್ರೆಡ್ಡು’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಜರ್ಮನ್ನರ ಬಾಯಲ್ಲಿ ಅದು ‘ಬಡ ಸರದಾರರು’. ಸ್ಪೇನಿನಲ್ಲಿ ತೊರಿಹಾ ಎಂಬ ಹೆಸರಲ್ಲಿ ಈಸ್ಟರ್ ಮುಂಚಿನ ಪವಿತ್ರ ವಾರದ ಸಿಹಿ. ನಾವು ಅದಕ್ಕೆ ಬಾಂಬೆ ಟೋಸ್ಟ್ ಎಂದು ಹೆಸರಿಟ್ಟು ಕೈತೊಳೆದುಕೊಂಡೆವು. ಹೆಸರು ಏನೇ ಇರಲಿ, ನಿಯಮ ಒಂದೇ: ನಿನ್ನೆ ಮೊನ್ನೆಯ ಬ್ರೆಡ್ಡೇ ಬೇಕು. ತಾಜಾ ತುಂಡು ಮೊಟ್ಟೆ-ಹಾಲಿನಲ್ಲಿ ಅದ್ದಿ ಎತ್ತುವಷ್ಟರಲ್ಲಿ ಕೈಯಲ್ಲೇ ಹರಿದುಬಿಡುತ್ತದೆ.

ಇಟಲಿಯ ಟಸ್ಕನಿ ಸೀಮೆಯವರು ಉಪ್ಪಿಲ್ಲದ ಬ್ರೆಡ್ಡು ಸುಡುತ್ತಾರೆ. ಒಣಗಿದ್ದನ್ನು ನೀರಲ್ಲಿ ನೆನೆಸಿ ಹಿಂಡಿ, ಟೊಮೆಟೊ, ಈರುಳ್ಳಿ, ತುಳಸಿಯ ಜಾತಿಯ ಬೇಸಿಲ್ ಎಲೆ, ಆಲಿವ್ ಎಣ್ಣೆ, ವಿನೆಗರ್ ಕಲಸಿದರೆ ಬೇಸಿಗೆಯ ಪಾಂಜಾನೆಲ್ಲಾ. ನಮ್ಮ ಕೋಸಂಬರಿಯ ದೂರದ ನೆಂಟ ಅನ್ನಬಹುದು. ಚಳಿಗಾಲಕ್ಕೆ ಬೇರೆ: ಹುರುಳಿಕಾಯಿಯ ಕಾಳು, ಸೊಪ್ಪು, ತರಕಾರಿಯ ಗಟ್ಟಿ ಸಾರಿಗೆ ಬ್ರೆಡ್ಡು ಮುರಿದು ಹಾಕಿ ಮರುದಿನ ಮತ್ತೆ ಕುದಿಸುವುದು. ಅದರ ಹೆಸರು ರಿಬೊಲ್ಲಿತಾ, ಅಂದರೆ ‘ಮತ್ತೆ ಕುದಿಸಿದ್ದು’. ನಿನ್ನೆಯ ಬಸ್ಸಾರಿಗೆ ಇವತ್ತು ರುಚಿ ಹೆಚ್ಚು ಎಂದು ನಂಬುವ ಹಳೇ ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಕ್ಷಿಣ ಇಟಲಿಯ ಬಡವರು ಚೀಸು ಕೊಳ್ಳಲಾಗದೆ ಬ್ರೆಡ್ ಪುಡಿಯನ್ನು ಎಣ್ಣೆಯಲ್ಲಿ ಗರಿಯಾಗಿ ಹುರಿದು ಪಾಸ್ತಾದ ಮೇಲೆ ಉದುರಿಸಿಕೊಂಡರು. ಇವತ್ತು ದುಬಾರಿ ಹೋಟೆಲುಗಳಲ್ಲಿ ಅದೇ ಅಲಂಕಾರ.

ಲೆಬನಾನ್, ಸಿರಿಯಾಗಳ ಫತ್ತೂಶ್‌ನಲ್ಲಿ ಗರಿಯಾದ ರೊಟ್ಟಿ ಚೂರುಗಳು ಸೌತೆ, ಟೊಮೆಟೊಗಳ ರಸ ಹೀರಿಕೊಳ್ಳುತ್ತವೆ. ಆ ಹೆಸರಿನ ಅರಬ್ಬೀ ಮೂಲಕ್ಕೆ ‘ಪುಡಿ ಮಾಡು, ಮುರಿ’ ಎಂಬ ಅರ್ಥವಿದೆ. ರಷ್ಯಾದವರು ಒಣ ರೈ ಬ್ರೆಡ್ಡನ್ನು ಬಿಸಿನೀರಲ್ಲಿ ನೆನೆಸಿ ಹುಳಿಸಿ ಕ್ವಾಸ್ ಎಂಬ ಪಾನೀಯವನ್ನೇ ಇಳಿಸಿದರು. ಇಂಗ್ಲೆಂಡಿನವರು ಬೆಣ್ಣೆ ಸವರಿದ ಹಳೆ ಹೋಳುಗಳ ಮೇಲೆ ದ್ರಾಕ್ಷಿ ಉದುರಿಸಿ, ಹಾಲು-ಮೊಟ್ಟೆ ಸುರಿದು ಪುಡ್ಡಿಂಗ್ ಬೇಯಿಸಿದರು.

ಅದೇ ಇಂಗ್ಲೆಂಡಿನಲ್ಲಿ ಹಳೆ ಬ್ರೆಡ್ಡನ್ನೇ ಮಾರಬೇಕೆಂಬ ಕಾನೂನೂ ಇತ್ತು. ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಒಲೆಯಿಂದ ತೆಗೆದು ಕನಿಷ್ಠ 12 ಗಂಟೆ ಕಳೆಯದ ಬ್ರೆಡ್ಡನ್ನು ಮಾರುವಂತಿಲ್ಲ ಎಂದು ಸರ್ಕಾರ ಆಜ್ಞೆ ಹೊರಡಿಸಿತು. ಬಿಸಿ ಬ್ರೆಡ್ಡನ್ನು ಜನ ಎರಡು ತುಂಡು ಹೆಚ್ಚೇ ತಿನ್ನುತ್ತಾರೆ, ತೆಳುವಾಗಿ ಕೊಯ್ಯಲೂ ಆಗುವುದಿಲ್ಲ. ಬಿಗಿದದ್ದಾದರೆ ತೆಳು ಹೋಳು ಬರುತ್ತದೆ, ಹೊಟ್ಟೆಯೂ ಬೇಗ ತುಂಬುತ್ತದೆ. ಗೋಧಿ ಉಳಿಸಲು ಸರ್ಕಾರ ಆಶ್ರಯಿಸಿದ್ದು ತಂಗಳನ್ನು.

ಇವನ್ನೆಲ್ಲ ದೂರದ ಕಥೆ ಎಂದುಕೊಳ್ಳಬೇಡಿ. ಮಂಗಳೂರು ಕಡೆಯ ಕೋರಿ ರೊಟ್ಟಿಯನ್ನು ನೆನಪಿಸಿಕೊಳ್ಳಿ. ಗರಿಗರಿ ಅಕ್ಕಿ ರೊಟ್ಟಿಯನ್ನು ಮುರಿದು ಹಾಕಿ, ಮೇಲೆ ಕೋಳಿ ಸಾರು ಸುರಿದು, ಅರ್ಧ ನೆನೆದು ಅರ್ಧ ಗರಿಯಿರುವಾಗಲೇ ಬಾಯಿಗಿಡುವುದು. ಫತ್ತೂಶ್‌ನವರ ಲೆಕ್ಕವೂ ಅದೇ. ಉತ್ತರ ಕರ್ನಾಟಕದ ಮಾದಲಿಯೂ ಹಾಗೆ. ಗೋಧಿ ರೊಟ್ಟಿಯನ್ನು ಬೇಯಿಸುವುದೇ ಕುಟ್ಟಿ ಪುಡಿ ಮಾಡಲು. ಆ ಪುಡಿಗೆ ಬೆಲ್ಲ, ಏಲಕ್ಕಿ, ಗಸಗಸೆ, ಪುಟಾಣಿ ಕೂಡಿಸಿ ಹಾಲು-ತುಪ್ಪ ಹಾಕಿದರೆ ಜಾತ್ರೆಯ ಊಟ. ರೊಟ್ಟಿ ಮುರಿದು ರುಚಿ ಕಟ್ಟುವ ವಿದ್ಯೆ ನಮಗೆ ಹೊಸದಲ್ಲ. ಅದನ್ನು ಬ್ರೆಡ್ಡಿಗೆ ಹಚ್ಚುವುದೊಂದೇ ಬಾಕಿ.

ಮದುವೆ ಮನೆಯ ಡಬಲ್

ಹಚ್ಚಿದವರೂ ಇದ್ದಾರೆ. ಬೀದರ, ಕಲಬುರಗಿ, ರಾಯಚೂರಿನ ಮದುವೆ ಊಟಗಳಲ್ಲಿ ಬಿರಿಯಾನಿಯ ನಂತರ ಬರುವ ಡಬಲ್ ಕಾ ಮೀಠಾ ಹೈದರಾಬಾದ್ ಸಂಸ್ಥಾನದ ಅಡುಗೆಯ ಬಳುವಳಿ. ಹುಳಿ ಬಂದು ಉಬ್ಬಿದ ಬ್ರೆಡ್ಡಿಗೆ ಆ ಸೀಮೆಯ ಹೆಸರು ‘ಡಬಲ್ ರೋಟಿ’. ಅದರಿಂದ ಮಾಡಿದ ಸಿಹಿ ಡಬಲ್ ಕಾ ಮೀಠಾ. ಶಾಹಿ ತುಕಡಾ ಇದರ ದಾಯಾದಿ. ಅಲ್ಲಿ ಕರಿದ ಬ್ರೆಡ್ಡಿನ ತುಂಡುಗಳು ಬಿಡಿಬಿಡಿಯಾಗಿ ಉಳಿದು ಮೇಲೆ ರಬ್ಡಿ ಹೊದೆಯುತ್ತವೆ. ಇಲ್ಲಿ ತುಂಡುಗಳು ಪಾಕ-ಹಾಲಿನಲ್ಲೇ ಬೆಂದು ಒಂದಕ್ಕೊಂದು ಅಂಟಿ, ಚಮಚದಲ್ಲಿ ಬಡಿಸುವಷ್ಟು ಮೆತ್ತಗಾಗುತ್ತವೆ.

ಮನೆಯಲ್ಲಿ ಮಾಡಲು ಎಂಟು ಹೋಳು ಬ್ರೆಡ್ಡು ಸಾಕು. ತ್ರಿಕೋನವಾಗಿ ಕತ್ತರಿಸಿ ಒಂದು ಇಡೀ ದಿನ ಬಿಸಿಲಿಗೆ ಹರಡಿ. ಮಳೆಗಾಲವಾದರೆ ಸಣ್ಣ ಉರಿಯ ತವಾದ ಮೇಲೆ ಒಣಗಿಸಿ. ಈ ಒಣಗಿಸುವ ಕೆಲಸ ತಪ್ಪಿಸಿದರೆ ತುಪ್ಪವೆಲ್ಲ ಬ್ರೆಡ್ಡಿನ ಹೊಟ್ಟೆಗೆ ಹೋಗಿ, ತಿನ್ನುವವರ ಹೊಟ್ಟೆ ಭಾರವಾಗುತ್ತದೆ. ಒಣಗಿದ ತುಂಡನ್ನು ತುಪ್ಪದಲ್ಲಿ ಹೊಂಬಣ್ಣಕ್ಕೆ ಕರಿಯಿರಿ. ಒಂದು ಬಟ್ಟಲು ಸಕ್ಕರೆಗೆ ಒಂದು ಬಟ್ಟಲು ನೀರು ಹಾಕಿ ಬೆರಳಿಗೆ ಅಂಟುವಷ್ಟು ಪಾಕ ಕಾಯಿಸಿ. ಎಳೆ ಬರುವವರೆಗೆ ಬಿಟ್ಟರೆ ಪಾಕ ಬ್ರೆಡ್ಡಿನೊಳಗೆ ಇಳಿಯದೆ ಮೇಲೆಯೇ ಗಟ್ಟಿಯಾಗುತ್ತದೆ. ಪಾಕಕ್ಕೆ ಏಲಕ್ಕಿ, ಕೇಸರಿ. ಎರಡು ಬಟ್ಟಲು ಹಾಲನ್ನು ಅರ್ಧಕ್ಕೆ ಬತ್ತಿಸಿಟ್ಟುಕೊಳ್ಳಿ. ಅಗಲ ಪಾತ್ರೆಯಲ್ಲಿ ಕರಿದ ತುಂಡುಗಳನ್ನು ಹರಡಿ, ಮೊದಲು ಬಿಸಿ ಪಾಕ, ಅದು ಹೀರಿಕೊಂಡ ಮೇಲೆ ಬತ್ತಿಸಿದ ಹಾಲು ಸುರಿದು, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬಿಡಿ. ಸೌಟಿನಿಂದ ಕಲಕಬೇಡಿ, ಪಾತ್ರೆಯನ್ನೇ ಅಲುಗಾಡಿಸಿ. ತುಪ್ಪದಲ್ಲಿ ಹುರಿದ ಗೋಡಂಬಿ, ಬಾದಾಮಿ ಮೇಲೆ. ಒಂದು ರಾತ್ರಿ ಕಳೆದ ಮೇಲೆ ಇನ್ನೂ ರುಚಿ. ತಂಗಳಿನಿಂದ ಹುಟ್ಟಿದ ಸಿಹಿಗೆ ತಂಗಳಾಗುವುದರಲ್ಲೇ ಮೋಕ್ಷ.

ದಿನ ನೋಡಿ ಅಡುಗೆ

ಬ್ರೆಡ್ಡು ಎಷ್ಟು ಒಣಗಿದೆ ಎಂಬುದರ ಮೇಲೆ ಅದರಿಂದ ಏನು ಮಾಡಬೇಕೆಂಬುದು ನಿಂತಿದೆ.

ಎರಡನೆಯ, ಮೂರನೆಯ ದಿನದ ಬ್ರೆಡ್ಡು ಬಗ್ಗುತ್ತದೆ, ಆದರೆ ಹೊಸತರ ಹಾಗೆ ಪಿಚಕ್ಕನೆ ಒಳಹೋಗುವುದಿಲ್ಲ. ಟೋಸ್ಟಿಗೆ ಇದೇ ಸರಿ. ಅಯ್ಯಂಗಾರ್ ಬೇಕರಿಯ ಮಸಾಲೆ ಟೋಸ್ಟಿನ ರೀತಿಯಲ್ಲಿ ಈರುಳ್ಳಿ, ಕ್ಯಾರೆಟ್ ತುರಿ, ಟೊಮೆಟೊ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಬಾಡಿಸಿ, ಕಲ್ಲಿನ ಮೇಲೆ ಬೆಣ್ಣೆ ಹಾಕಿ ಎರಡೂ ಬದಿ ಕೆಂಪಗೆ ಸುಟ್ಟ ಹೋಳಿನ ಮೇಲೆ ಹರಡಿ. ಬ್ರೆಡ್ಡು ಸ್ವಲ್ಪ ಬಿಗಿದಿದ್ದರೆ ಪಲ್ಯದ ನೀರಿಗೆ ಕುಸಿಯದೆ ನಿಲ್ಲುತ್ತದೆ. ಬಾಂಬೆ ಟೋಸ್ಟಿಗೂ ಇದೇ ವಯಸ್ಸು.

ನಾಲ್ಕನೆಯ ದಿನದ್ದು ಉಪ್ಪಿಟ್ಟಿಗೆ. ಎಂಟು ಹೋಳನ್ನು ಹೆಬ್ಬೆರಳ ಉಗುರಿನಷ್ಟು ಚೌಕ ಮಾಡಿ, ಮೊದಲು ಬರಿ ಬಾಣಲೆಯಲ್ಲಿ ಗರಿಯಾಗುವವರೆಗೆ ಹುರಿದು ತೆಗೆದಿಡಿ. ಎಣ್ಣೆಗೆ ಸಾಸಿವೆ, ಉದ್ದಿನಬೇಳೆ, ಕಡ್ಲೆಬೇಳೆ, ಇಂಗು, ಕರಿಬೇವು, ಹಸಿಮೆಣಸಿನಕಾಯಿ. ಈರುಳ್ಳಿ ಬಾಡಿದ ಮೇಲೆ ಒಂದು ಟೊಮೆಟೊ, ಅರಿಶಿನ, ಉಪ್ಪು. ಟೊಮೆಟೊ ನೀರು ಬಿಟ್ಟು ಮತ್ತೆ ಆರಿದ ಮೇಲೆಯೇ ಬ್ರೆಡ್ಡು ಹಾಕಬೇಕು. ಮೂರು ಚಮಚ ಹುಳಿ ಮಜ್ಜಿಗೆ ಚಿಮುಕಿಸಿ ಜೋರು ಉರಿಯಲ್ಲಿ ಎರಡು ನಿಮಿಷ ತಿರುವಿ ಇಳಿಸಿ. ಬಹಳ ಮನೆಗಳಲ್ಲಿ ಬ್ರೆಡ್ ಉಪ್ಪಿಟ್ಟು ಅಂಟಂಟಾಗುವುದು ತಾಜಾ ಬ್ರೆಡ್ಡು ಹಾಕುವುದರಿಂದ ಮತ್ತು ಮಜ್ಜಿಗೆಯನ್ನು ಸುರಿಯುವುದರಿಂದ.

ಇದೇ ವಯಸ್ಸಿನ ಬ್ರೆಡ್ಡಿನಿಂದ ಹಿಟ್ಟು ಮುಗಿದ ದಿನ ದೋಸೆಯೂ ಆಗುತ್ತದೆ. ಆರು ಹೋಳು ಬ್ರೆಡ್ಡು, ಒಂದು ಬಟ್ಟಲು ಚಿರೋಟಿ ರವೆ, ಅರ್ಧ ಬಟ್ಟಲು ಅಕ್ಕಿಹಿಟ್ಟು, ಅರ್ಧ ಬಟ್ಟಲು ಹುಳಿ ಮೊಸರು. ನೀರು ಹಾಕಿ 20 ನಿಮಿಷ ನೆನೆಸಿ ಜೀರಿಗೆ, ಶುಂಠಿ, ಉಪ್ಪಿನ ಜೊತೆ ನುಣ್ಣಗೆ ರುಬ್ಬಿ, ದೋಸೆಹಿಟ್ಟಿನ ಹದಕ್ಕೆ ತೆಳು ಮಾಡಿ ಹುಯ್ಯಿರಿ. ಬ್ರೆಡ್ಡಿನಲ್ಲಿ ಮೊದಲೇ ಇರುವ ಸಕ್ಕರೆಯಿಂದಾಗಿ ಬೇಗ ಕೆಂಪಗಾಗುತ್ತದೆ, ಆದ್ದರಿಂದ ಉರಿ ಮಧ್ಯಮ ಇರಲಿ.

ಪೂರ್ತಿ ಒಣಗಿ ಕಟಕಟ ಎನ್ನುವುದಕ್ಕೆ ಎರಡು ದಾರಿ. ಒಂದು, ತುಂಡಾಗಿಯೇ ಬಳಸುವುದು. ತುಪ್ಪದಲ್ಲಿ ಹುರಿದು ಕಾಳುಮೆಣಸು ಉದುರಿಸಿಟ್ಟರೆ ಟೊಮೆಟೊ ಸಾರಿಗೆ ಜೊತೆ. ಸಾರು ಬಟ್ಟಲಿಗೆ ಬಿದ್ದ ಮೇಲೆ ಹಾಕಿಕೊಳ್ಳಬೇಕು. ಸಂಜೆಗೆ ಮಸಾಲೆ ಪುರಿ ಮಾಡುವ ದಿನ ಪುರಿಯ ಬದಲು ಇದನ್ನೇ ಮುರಿದು ಹಾಕಿ, ಮೇಲೆ ಬಿಸಿ ಬಟಾಣಿ ಮಸಾಲೆ, ಹಸಿ ಈರುಳ್ಳಿ, ಸೇವು. ಬೆರಳಗಲ ಕೊಯ್ದು ಬೆಣ್ಣೆ-ಸಕ್ಕರೆ ಸವರಿ ಒವನ್ನಿನಲ್ಲಿ 150 ಡಿಗ್ರಿಯಲ್ಲಿ ಒಂದೊಂದು ಬದಿ 15 ನಿಮಿಷ ಇಟ್ಟು, ಆರಿಸಿದ ಒವನ್ನಿನಲ್ಲೇ ತಣಿಯಲು ಬಿಟ್ಟರೆ ಮನೆ ರಸ್ಕು.

ಇನ್ನೊಂದು, ಪುಡಿ. ಮಿಕ್ಸಿಗೆ ಹಾಕಿ ತಿರುಗಿಸಿದರೆ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ಬ್ರೆಡ್ ಕ್ರಂಬ್ಸ್. ತರಕಾರಿ ಕಟ್ಲೆಟ್ಟಿನ ಹೊದಿಕೆ ಅದರಿಂದಲೇ ಗರಿಯಾಗುವುದು. ಆಲೂಗಡ್ಡೆ ನೀರು ಬಿಟ್ಟು ಉಂಡೆ ನಿಲ್ಲದಿದ್ದರೆ ಒಳಗೂ ಎರಡು ಚಮಚ. ಗೊಜ್ಜು ತೆಳುವಾದಾಗ ಕಡ್ಲೆಹಿಟ್ಟಿನ ಹಸಿವಾಸನೆಯ ಕಾಟವಿಲ್ಲದೆ ಗಟ್ಟಿ ಮಾಡಲೂ ಇದು ಒದಗುತ್ತದೆ. ನನಗೆ ಹೆಚ್ಚು ಇಷ್ಟವಾದದ್ದು ದಕ್ಷಿಣ ಇಟಲಿಯವರ ಉಪಾಯಕ್ಕೆ ಹುಬ್ಬಳ್ಳಿಯ ಕೈ ಸೇರಿಸಿದ ಚಟ್ನಿಪುಡಿ: ಒಂದು ಬಟ್ಟಲು ಬ್ರೆಡ್ ಪುಡಿಯನ್ನು ಎರಡು ಚಮಚ ಎಣ್ಣೆಯಲ್ಲಿ ಕೆಂಪಗೆ ಹುರಿದು, ಜಜ್ಜಿದ ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನ ಪುಡಿ, ಜೀರಿಗೆ, ಉಪ್ಪು, ಅರ್ಧ ಬಟ್ಟಲು ಹುರಿದ ಶೇಂಗಾ ಪುಡಿ ಕೂಡಿಸುವುದು. ಶ್ಯಾವಿಗೆ ಉಪ್ಪಿಟ್ಟಿನ ಮೇಲೆ, ಮೊಸರನ್ನದ ಬದಿಗೆ, ಬದನೆಕಾಯಿ ಪಲ್ಯದ ಮೇಲೆ ಉದುರಿಸಿ ನೋಡಿ. ಎಣ್ಣೆ ಹಾಕಿದ್ದರಿಂದ ವಾರದೊಳಗೆ ಮುಗಿಸಬೇಕು. ಬರಿ ಪುಡಿಯಾದರೆ, ಪೂರ್ತಿ ಒಣಗಿದ್ದರೆ, ಗಾಳಿಯಾಡದ ಡಬ್ಬಿಯಲ್ಲಿ ತಿಂಗಳು ಇರುತ್ತದೆ.

ಎಲ್ಲಿ ನಿಲ್ಲಬೇಕು

ಉಳಿಸುವ ಹುಮ್ಮಸ್ಸಿನಲ್ಲಿ ಮೀರಬಾರದ ಗೆರೆಯೊಂದಿದೆ, ಅದು ಬೂಷ್ಟು. ಒಂದು ಮೂಲೆಯಲ್ಲಿ ಹಸಿರು ಚುಕ್ಕೆ ಕಂಡರೆ ಆ ಮೂಲೆಯನ್ನು ಚಿವುಟಿ ಉಳಿದದ್ದನ್ನು ತಿನ್ನುವ ಅಭ್ಯಾಸ ಹಲವು ಮನೆಗಳಲ್ಲಿದೆ. ಕಣ್ಣಿಗೆ ಕಾಣುವುದು ಬೂಷ್ಟಿನ ತಲೆ ಮಾತ್ರ. ಅದರ ಬೇರಿನಂಥ ಎಳೆಗಳು ಬ್ರೆಡ್ಡಿನ ಮೆತ್ತಗಿನ ಒಡಲಲ್ಲಿ ಆಗಲೇ ಹರಡಿರುತ್ತವೆ. ಕೆಲವು ಬೂಷ್ಟುಗಳ ವಿಷ ಹುರಿದರೂ ಕುದಿಸಿದರೂ ಹೋಗುವುದಿಲ್ಲ. ಆ ಪ್ಯಾಕೆಟ್ಟು ಕಸಕ್ಕೇ ಹೋಗಬೇಕು. ಮೂಗಿಗೆ ಹಿಡಿದು ನೋಡುವುದೂ ಬೇಡ.

ಹಾಗಾದರೆ ಹಸುವಿಗೆ ಹಾಕೋಣ ಎಂಬ ಪುಣ್ಯದ ಲೆಕ್ಕವೂ ತಪ್ಪುತ್ತದೆ. ಬೂಷ್ಟು ದನಕ್ಕೂ ವಿಷವೇ. ಒಳ್ಳೆಯ ಬ್ರೆಡ್ಡಾದರೂ ರಾಶಿಯಾಗಿ ಒಮ್ಮೆಗೇ ತಿಂದರೆ ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಜೀವಕ್ಕೇ ಕುತ್ತಾಗಬಹುದು. ಹುಲ್ಲು ತಿನ್ನಲೆಂದು ಆದ ಹೊಟ್ಟೆ ಅದು. ಒಂದೆರಡು ತುಂಡು ಬೇರೆ ಮಾತು, ಬೇಕರಿಯ ಮೂಟೆ ಬೇರೆ ಮಾತು.

ಒಂದೆರಡು ತುಂಡಿಗೆ ಇಷ್ಟೊಂದು ಮಾತೇ ಎಂದು ಕೇಳಬಹುದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಲೋಕದಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್. ಅದರಲ್ಲಿ ಶೇ 60ರಷ್ಟು ಹಾಳಾದದ್ದು ಮನೆಗಳಲ್ಲಿ. ಹೋಟೆಲು, ಮದುವೆ ಛತ್ರಗಳನ್ನು ಬೈಯುವ ನಾವು ನಮ್ಮ ನಮ್ಮ ಕಸದ ಬುಟ್ಟಿಯ ಮುಚ್ಚಳ ಎತ್ತಿ ನೋಡುವುದಿಲ್ಲ. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕಿಲೊ ಆಹಾರ ಹೀಗೆ ಹೋಗುತ್ತದೆ ಎಂದು ಅದೇ ವರದಿ ಅಂದಾಜಿಸಿದೆ. ಯಾರೂ 55 ಕಿಲೊವನ್ನು ಒಂದೇ ದಿನ ಎಸೆಯುವುದಿಲ್ಲ. ಅದು ಸೇರುವುದು ಅರ್ಧ ಸೌಟು ಸಾರು, ಬಾಡಿದ ಸೊಪ್ಪು, ಬ್ರೆಡ್ಡಿನ ಎರಡು ಅಂಚುಗಳಾಗಿ.

ಅಮ್ಮನ ಅಡುಗೆಮನೆಯ ಗೂಡಿನಲ್ಲಿ ಒಂದು ಹಳೆಯ ಸ್ಟೀಲ್ ಡಬ್ಬಿ ಇದೆ. ಹೋಳು ಉಳಿದಾಗಲೆಲ್ಲ ತವಾದ ಮೇಲೆ ಒಣಗಿಸಿ ಅದಕ್ಕೆ ಹಾಕುತ್ತಾಳೆ. ಡಬ್ಬಿ ತುಂಬಿದ ವಾರ ಮನೆಯಲ್ಲಿ ಕಟ್ಲೆಟ್ಟು. ನಿಮ್ಮಲ್ಲೂ ಅಂಥದ್ದೊಂದು ಖಾಲಿ ಡಬ್ಬಿ ಇದ್ದೇ ಇರುತ್ತದೆ. ಮುಂದಿನ ಸಲ ಪ್ಯಾಕೆಟ್ಟಿನ ತಳದಲ್ಲಿ ಉಳಿದ ಅಂಚಿನ ತುಂಡನ್ನು ಎಸೆಯುವ ಮುಂಚೆ ಒಮ್ಮೆ ಕೈಗೆತ್ತಿಕೊಂಡು ಮುರಿದು ನೋಡಿ. ಬಗ್ಗಿದರೆ ಬಾಣಲೆಗೆ, ಕಟಕ್ ಎಂದರೆ ಡಬ್ಬಿಗೆ, ಬೂಷ್ಟು ಕಂಡರೆ ಮಾತ್ರ ಬುಟ್ಟಿಗೆ.